ಕೋರಂ ಇಲ್ಲದ ಅರ್ಧ ಗಂಟೆ

ಕುಶಾಲನಗರ
10 ಜೂನ್ 2024

ಮಾನ್ಯ ಜಂಟಿ ಕಾರ್ಯದರ್ಶಿ ಸರೋಜ ಅವರಿಗೆ ನಮಸ್ಕಾರ.

ವಿಷಯ: ನಮ್ಮ ಹಳೆ ವಿದ್ಯಾರ್ಥಿಗಳ ಸಂಘ ಬದುಕಬೇಕೋ ಬೇಡವೋ ಎಂಬ ಕುರಿತು.

ವಿಷಯದ ಸಾಲನ್ನು ಇಷ್ಟು ಒರಟಾಗಿ ಬರೆಯಬಾರದಿತ್ತು. ಮೂರು ಸಲ ಹೊಡೆದುಹಾಕಿದೆ, ನಾಲ್ಕನೆಯ ಸಲವೂ ಇದೇ ಬಂತು. ಬಿಟ್ಟಿದ್ದೇನೆ.

ಹೋದ ವಾರ ವಿಶ್ವವಿದ್ಯಾಲಯದಿಂದ ಪತ್ರ ಬಂದಿದೆ. ಬರೆದವರು ಅನುಪಮಾ ಎಂಬ ಹೊಸ ಅಧಿಕಾರಿ. ಗುಡ್ಡದ ಮೇಲಿನ ನಮ್ಮ ಸ್ನಾತಕೋತ್ತರ ಕೇಂದ್ರದಲ್ಲೇ ಓದಿದ ಹುಡುಗಿಯಂತೆ; ನಾವು ಅಲ್ಲಿ ಚರಿತ್ರೆಯ ಎಂ.ಎ. ಮಾಡುವಾಗ ಈಕೆ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಿರಬೇಕು. ಎಲ್ಲ ಹಳೆ ವಿದ್ಯಾರ್ಥಿ ಸಂಘಗಳನ್ನೂ ಒಟ್ಟು ಸೇರಿಸಿ ಕಂಪ್ಯೂಟರಿನೊಳಗೆ ಒಂದೇ ಸಂಘ ಮಾಡುತ್ತಾರಂತೆ. ನಾವು ಬೇರೆಯಾಗಿಯೇ ಇರುತ್ತೇವೆ ಅಂದರೆ ಸಂಘದ ಚರಿತ್ರೆ ಮತ್ತು ಉದ್ದೇಶದ ಬಗ್ಗೆ ಎರಡು ಪುಟ ಬರೆದು ಕೊಡಬೇಕು. ಅದಕ್ಕೆ ನಾನು ಹೆದರುವವನಲ್ಲ. ಹೆದರಿಕೆ ಇರುವುದು ಮುಂದಿನ ಸಾಲಿನಲ್ಲಿ: ಈ ಡಿಸೆಂಬರಿನ ವಾರ್ಷಿಕ ಸಭೆಗೆ ಕೋರಂ ಆಗಬೇಕು. ನೂರ ನಲವತ್ತು ಸದಸ್ಯರಲ್ಲಿ ಹದಿನಾಲ್ಕು ತಲೆ ಕಣ್ಣಿಗೆ ಕಾಣಬೇಕು. ಇಲ್ಲವಾದರೆ ಸಂಘ ಮುಚ್ಚಿತು.

ನಿಯಮ ಹನ್ನೆರಡರ ಆಸರೆಯೂ ಈ ಸಲ ಇಲ್ಲ. ನಿಮಗೆ ಅದು ಬಾಯಿಪಾಠ, ಆದರೂ ದಾಖಲೆಗಾಗಿ ಬರೆಯುತ್ತೇನೆ: "ಕೋರಂ ಇಲ್ಲದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡತಕ್ಕದ್ದು, ಅರ್ಧ ಗಂಟೆಯ ನಂತರ ಅದೇ ಸ್ಥಳದಲ್ಲಿ ಇದ್ದವರೇ ಕೋರಂ ಎಂದು ಭಾವಿಸತಕ್ಕದ್ದು." ಇಪ್ಪತ್ತೈದು ವರ್ಷ ನಮ್ಮ ಸಂಘ ಉಸಿರಾಡಿದ್ದು ಈ ಭಾವನೆಯ ಮೇಲೆ. ಈಗ ಅದನ್ನು ಒಪ್ಪುವುದಿಲ್ಲವಂತೆ.

ಸಂಘ ಹುಟ್ಟಿದ ದಿನದ ನೆನಪು ನಿಮಗೆ ಹೇಗಿದೆಯೋ ಹಾಗೆ ಬರೆದು ಕಳಿಸಿ. ನನ್ನ ನೆನಪು ಒಂದೇ ಆದರೆ ಅದು ಚರಿತ್ರೆ ಆಗುವುದಿಲ್ಲ, ಬರಿ ಶಾಂತಪ್ಪನ ಮಾತಾಗುತ್ತದೆ.

ಕಳೆದ ವರ್ಷದ ನಡಾವಳಿ ಪುಸ್ತಕದಲ್ಲಿ "ಹಾಜರಿ: ಒಂದು" ಎಂದು ಬರೆದಿದ್ದೇನೆ. ಇದು ಆಕ್ಷೇಪಣೆಯಲ್ಲ, ನಮೂದು ಮಾತ್ರ. ಒಬ್ಬನೇ ಕೂತರೆ ಅರ್ಧ ಗಂಟೆ ಬಹಳ ಉದ್ದ ಇರುತ್ತದೆ. ಅದೂ ನಮೂದು ಮಾತ್ರ.

ಪದಾಧಿಕಾರಿಗಳ ವ್ಯವಹಾರ ಅಂಚೆಯಲ್ಲೇ ನಡೆಯಬೇಕೆಂಬ ನಿಯಮ ಹತ್ತೊಂಬತ್ತರಂತೆ ಫೋನ್ ಮಾಡಿಲ್ಲ. ಮಾಡಿದ್ದರೂ ನೀವು ಕಾಫಿ ಕಣದ ಮೇಲಿನ ಬಂಡೆ ಹತ್ತಿ ನಿಂತರಷ್ಟೇ ಸಿಗುವವರು.

ತಮ್ಮ ವಿಶ್ವಾಸಿ,
ಶಾಂತಪ್ಪ
ಕಾರ್ಯದರ್ಶಿ (ಮತ್ತು ಬಸ್‌ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿ)


ಕಕ್ಕಬೆ
29 ಜೂನ್ 2024

ಕಾರ್ಯದರ್ಶಿಗಳೇ,

ನಿಮ್ಮ ಪತ್ರ ಬಂದಾಗ ಅಣ್ಣ ಪೂವಯ್ಯ ಅಂಗಳದಲ್ಲಿದ್ದ. ಲಕೋಟೆಯ ಮೇಲಿನ ಸೀಲು ನೋಡಿ ಕೋರ್ಟಿನ ಸಮನ್ಸು ಅಂದುಕೊಂಡು ಒಂದು ಗಳಿಗೆ ಬೆವತ. ಆಮೇಲೆ ಹೆಸರು ಓದಿ, "ಓ, ನಿನ್ನ ಸಂಘವಾ, ಇನ್ನೂ ಜೀವ ಉಂಟಾ ಅದಕ್ಕೆ" ಅಂದ. ನಮ್ಮ ಮನೆಯಲ್ಲಿ ನಿಮ್ಮನ್ನು ಸಂಘ ಅಂತಲೇ ಕರೆಯುವುದು. "ಸಂಘದ ಕಾಗದ ಬಂದದೆ", "ಸಂಘಕ್ಕೆ ಕಿತ್ತಳೆ ತೆಗೆದಿಟ್ಟಿಯಾ" ಹೀಗೆ. ನಿಮಗೆ ಗೊತ್ತಿರಲಿ ಅಂತ ಹೇಳಿದೆ, ನಮೂದಿಸುವುದು ಬೇಡ.

ಚರಿತ್ರೆ ಕೇಳಿದ್ದೀರಿ. ನನಗೆ ನೆನಪಿರುವುದು ಇಷ್ಟು.

1999ರ ಮೇ ತಿಂಗಳು, ಬೀಳ್ಕೊಡುಗೆಯ ದಿನ. ಲೈಬ್ರರಿಯ ಮೆಟ್ಟಿಲ ಮೇಲೆ ಎಲ್ಲರೂ ಆಟೋಗ್ರಾಫ್ ಪುಸ್ತಕ ಹಿಡಿದು ಅಳುತ್ತಿದ್ದೆವು. ಕೀರ್ತಿಕುಮಾರ್ ತನ್ನ ಪುಸ್ತಕಕ್ಕೆ ತಾನೇ ಬರೆದುಕೊಂಡು ಅಳುತ್ತಿದ್ದ. ನಾನು ನನ್ನ ಪುಸ್ತಕ ನಿಮ್ಮ ಮುಂದೆ ಹಿಡಿದೆ. ನೀವು ಪೆನ್ನು ತೆಗೆದಿರಿ. ಮುಚ್ಚಳ ತೆಗೆದಿರಿ, ಹಾಕಿದಿರಿ. ಮತ್ತೆ ತೆಗೆದಿರಿ. ಕೆಳಗೆ ಹಾರಂಗಿಯ ಹಿನ್ನೀರು ಬೇಸಿಗೆಗೆ ಇಳಿದು ಮಣ್ಣು ಕೆಂಪಗೆ ಕಾಣುತ್ತಿತ್ತು, ಅದನ್ನೇ ನೋಡುತ್ತಾ ನಿಂತಿರಿ. ಕೊನೆಗೆ ಏನೂ ಬರೆಯದೆ ಪುಸ್ತಕ ವಾಪಸು ಕೊಟ್ಟು, "ನಾವೊಂದು ಸಂಘ ಮಾಡಬೇಕು" ಅಂದಿರಿ.

ಮಾರನೆಯ ದಿನವೇ ಮೂವತ್ತೊಂದು ನಿಯಮ ಬರೆದು ತಂದಿರಿ. ಹನ್ನೊಂದು ಜನ ಸಹಿ ಹಾಕಿದರು; ಕೇಂದ್ರದಲ್ಲಿ ಆಗ ಓದುತ್ತಿದ್ದ ಉಳಿದವರನ್ನೆಲ್ಲ ನೀವೇ ಸದಸ್ಯರ ಪಟ್ಟಿಗೆ ಸೇರಿಸಿಕೊಂಡಿರಿ. ಎಂಟು ಜನ ಓದದೆ ಹಾಕಿದರು, ಇಬ್ಬರು ಬಸ್ಸಿಗೆ ಹೊತ್ತಾಯಿತು ಅಂತ ಹಾಕಿದರು, ಒಬ್ಬಳು ನಾನು.

ಇನ್ನು ಕೋರಂ ವಿಷಯ. ಡಿಸೆಂಬರಿನ ಎರಡನೇ ಭಾನುವಾರ ಕೊಡಗಿನಲ್ಲಿ ಯಾರು ಸಭೆ ಇಡುತ್ತಾರೆ? ಅರೇಬಿಕಾ ಹಣ್ಣು ಕೀಳುವ ಪಿಕ್ಕಿಂಗ್ ಮಧ್ಯ, ಹುತ್ತರಿ ಹಬ್ಬದ ಹಿಂದೆಯೋ ಮುಂದೆಯೋ. ಮೆಂಬರುಗಳೆಲ್ಲ ಕಣದಲ್ಲಿ ಚೀಲ ಎಣಿಸುತ್ತಿರುತ್ತಾರೆ. ನಿಮ್ಮ ಕುಶಾಲನಗರದಲ್ಲಿ ಕಾಫಿ ಬೆಳೆಯುವುದು ಹೋಟೆಲಿನ ಲೋಟದಲ್ಲಿ ಮಾತ್ರ, ನಿಮಗೇನು ಗೊತ್ತು ಪಿಕ್ಕಿಂಗ್ ಕಷ್ಟ. ಮೇ ತಿಂಗಳಿಗೆ ಬದಲಾಯಿಸಿ. ಹದಿನಾಲ್ಕಲ್ಲ, ನಲವತ್ತು ಜನ ಬರುತ್ತಾರೆ. ಸಂಘ ಉಳಿಯುವುದಾದರೆ ಉಳಿಯಲಿ.

ಕಳೆದ ವರ್ಷ ಜೀಪು ಕೆಟ್ಟಿತ್ತು. ಅದಕ್ಕೇ ಬರಲಿಲ್ಲ.

ಸರೋಜ


ಕುಶಾಲನಗರ
22 ಜುಲೈ 2024

ಮಾನ್ಯ ಜಂಟಿ ಕಾರ್ಯದರ್ಶಿಯವರಿಗೆ,

ತಮ್ಮ ಪತ್ರ ತಲುಪಿದೆ. ಸಭೆಯನ್ನು ಮೇ ತಿಂಗಳಿಗೆ ಬದಲಾಯಿಸಬೇಕೆಂಬ ತಮ್ಮ ಸಲಹೆಯನ್ನು ಪರಿಶೀಲಿಸಲಾಗಿದೆ. ನಿಯಮ ಹನ್ನೊಂದರ ಪ್ರಕಾರ ದಿನಾಂಕ ಬದಲಾಯಿಸಲು ಕೋರಂ ಬೇಕು. ತಮ್ಮ ಪ್ರಕಾರ ಕೋರಂ ಬರಲು ದಿನಾಂಕ ಬದಲಾಗಬೇಕು. ಆದುದರಿಂದ ಡಿಸೆಂಬರ್ 8ರ ಭಾನುವಾರವೇ ಸಭೆ.

ಡಿಸೆಂಬರ್ ತಮಗೆ ಅಷ್ಟು ತೊಂದರೆಯಾಗಿತ್ತು ಎಂಬುದು ಇದುವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಇಪ್ಪತ್ತನಾಲ್ಕು ಸಲ ಪಿಕ್ಕಿಂಗ್ ಬಿಟ್ಟು ಬಂದಿರಿ. ಅದನ್ನು ನಾನು ಬೇರೆ ರೀತಿ ತಿಳಿದುಕೊಂಡಿದ್ದೆ. ಕರ್ತವ್ಯಕ್ಕಾಗಿ ಬರುತ್ತಿದ್ದಿರಿ ಎಂದಾದರೆ ಸಂಘ ತಮಗೆ ಋಣಿಯಾಗಿದೆ.

ಚರಿತ್ರೆಯ ಕರಡು ಶುರು ಮಾಡಿದ್ದೇನೆ. ಓದಿ ತಿದ್ದಿ:

"ಸಂಘವು 1999ರ ಮೇ ತಿಂಗಳಲ್ಲಿ ಹನ್ನೊಂದು ಸದಸ್ಯರ ಅಪಾರ ಉತ್ಸಾಹದಿಂದ ಉದಯಿಸಿತು. ಅದೇ ಡಿಸೆಂಬರಿನ ಮೊದಲ ಸಭೆಗೆ ಇಬ್ಬರು ಹಾಜರಾದರು. ಮುಂದಿನ ವರ್ಷ ಇಬ್ಬರು. ಅದರ ಮುಂದಿನ ವರ್ಷ ಇಬ್ಬರು. ಇಂತಹ ಸ್ಥಿರತೆ ಬೇರಾವ ಸಂಘದಲ್ಲೂ ಕಾಣಸಿಗದು. ಕೊರೊನಾ ಕಾಲದಲ್ಲಿ ಜನ ಗುಂಪು ಸೇರಬಾರದೆಂದು ಸರ್ಕಾರ ಆದೇಶ ಮಾಡಿತು. ನಮ್ಮ ಸಂಘ ಅದನ್ನು ಇಪ್ಪತ್ತು ವರ್ಷ ಮೊದಲಿನಿಂದಲೇ ಪಾಲಿಸಿಕೊಂಡು ಬಂದಿತ್ತು. ಪ್ರತಿ ವರ್ಷ ಸಭೆಯನ್ನು ಅರ್ಧ ಗಂಟೆ ಮುಂದೂಡಲಾಯಿತು. ಆ ಅರ್ಧ ಗಂಟೆಯಲ್ಲಿ"

ಇಲ್ಲಿಗೆ ನಿಂತಿದೆ. ನಡಾವಳಿ ಪುಸ್ತಕದಲ್ಲಿ ಆ ಅರ್ಧ ಗಂಟೆಯ ಬಗ್ಗೆ ಏನೂ ಇಲ್ಲ. ಸಭೆ ಮುಂದೂಡಿದ ಮೇಲೆ ನಡೆದದ್ದನ್ನು ಬರೆಯುವ ಕ್ರಮವಿಲ್ಲ. ಲೆಕ್ಕಕ್ಕೆ ನಾವು ಆಗ ಅಲ್ಲಿ ಇರಲೇ ಇಲ್ಲ.

ಸದಸ್ಯರು ಸಹಾಯಕ್ಕೆ ಬರುವ ಲಕ್ಷಣವೂ ಕಾಣುತ್ತಿಲ್ಲ. ಮೊನ್ನೆ ಕೀರ್ತಿಕುಮಾರ್ ಎದುರಿಗೆ ಬರುತ್ತಿದ್ದವನು ನನ್ನನ್ನು ಕಂಡು ರಸ್ತೆ ದಾಟಿ ಆಚೆ ಬದಿಗೆ ಹೋದ. ಎಷ್ಟೋ ವರ್ಷದಿಂದ ಹೀಗೆ. ಪ್ರತಿ ಸಲ ನೋಟೀಸು ಕೈಸೇರಿಯೂ ಬರಲಿಲ್ಲವಲ್ಲ ಎಂಬ ನಾಚಿಕೆ ಇರಬೇಕು. ನನ್ನಮ್ಮ ಶಿವಮ್ಮನಿಗೆ ಹೇಳಿದರೆ, "ನಾಚಿಕೆ ಇರೋನು ತಲೆ ತಗ್ಸ್ತಾನೆ ಕಣಪ್ಪ, ರಸ್ತೆ ದಾಟಲ್ಲ. ದಾಟೋನಿಗೆ ಕ್ವಾಪ ಇರ್ತದೆ" ಅಂತಾಳೆ. ಅವಳಿಗೆ ಸಂಘದ ಕೆಲಸ ತಿಳಿಯುವುದಿಲ್ಲ.

ಜೀಪು ರಿಪೇರಿಯಾಗಿದೆ ಎಂದು ಭಾವಿಸುತ್ತೇನೆ.

ಶಾಂತಪ್ಪ


ಕಕ್ಕಬೆ
2 ಸೆಪ್ಟೆಂಬರ್ 2024

ಕಾರ್ಯದರ್ಶಿಗಳೇ,

ತಡವಾದದ್ದಕ್ಕೆ ನಾನು ಹೊಣೆಯಲ್ಲ. ನಾಪೋಕ್ಲು ರಸ್ತೆಗೆ ಮಣ್ಣು ಜಾರಿ ಟಪಾಲು ಹನ್ನೆರಡು ದಿನ ಆಚೆ ಬದಿಯಲ್ಲೇ ಕೂತಿತ್ತು. ನಿಮ್ಮ ಪತ್ರ ಬಂದಾಗ ಒದ್ದೆಯಾಗಿತ್ತು. ಏಲಕ್ಕಿ ಒಣಗಿಸುವ ಕೋಣೆಯಲ್ಲಿ ಹರಡಿ ಒಣಗಿಸಿದೆ. ಈಗ ನಿಮ್ಮ ಮುನಿಸೆಲ್ಲ ಏಲಕ್ಕಿಯ ಪರಿಮಳ ಬೀರುತ್ತಿದೆ.

ಮುನಿಸಿಲ್ಲ ಅನ್ನಬೇಡಿ. "ತಮಗೆ", "ತಮ್ಮ", "ಪರಿಶೀಲಿಸಲಾಗಿದೆ" ಇವೆಲ್ಲ ಏನು ಮತ್ತೆ. ಮೇ ತಿಂಗಳು ಅಂದದ್ದು ಸಂಘ ಉಳಿಯಲಿ ಅಂತ. ಸಂಘ ನಿಮ್ಮ ಜೀವ ಅಂತ ನನಗೆ ಗೊತ್ತಿಲ್ಲವಾ.

ಇಲ್ಲಿ ಮಂಜು ಎಷ್ಟು ದಟ್ಟ ಅಂದರೆ ತೋಟದಲ್ಲಿ ಕೆಲಸದ ಬೋಜಮ್ಮ ಮಾತಾಡುವುದು ಕೇಳುತ್ತದೆ, ಬೋಜಮ್ಮ ಕಾಣುವುದಿಲ್ಲ. "ಅಕ್ಕಾ, ನಾನು ಇಲ್ಲೇ ಇದ್ದೇನೆ" ಅಂತ ಮಂಜೇ ಹೇಳಿದ ಹಾಗಿರುತ್ತದೆ. ಇಂಥ ದಿನಗಳಲ್ಲಿ ಹಗಲಿಗೇ ನಿದ್ದೆ ಬರುತ್ತದೆ. ಮೊನ್ನೆ ಊಟದ ಮೇಲೆ ಕಣ್ಣು ಮುಚ್ಚಿದವಳಿಗೆ ಒಂದು ಕನಸು.

ನಾವಿಬ್ಬರೂ ಲೈಬ್ರರಿ ಮೆಟ್ಟಿಲ ಮೇಲೆ ಕೂತಿದ್ದೇವೆ. ಕೆಳಗೆ ಹಾರಂಗಿ ತುಂಬಿದೆ. ಡ್ಯಾಮು ಕಟ್ಟಿದಾಗ ಮುಳುಗಿದ ಗದ್ದೆಯ ಬದುಗಳು ನೀರೊಳಗೆ ಸ್ಪಷ್ಟವಾಗಿ ಕಾಣುತ್ತಿವೆ. ಆ ಬದುಗಳ ಮೇಲೆ ನಮ್ಮ ಸದಸ್ಯರು ಸಾಲಾಗಿ ನಡೆದು ಬರುತ್ತಿದ್ದಾರೆ, ನೀರಿನ ಅಡಿಯಿಂದ. ಯಾರೂ ಒದ್ದೆಯಾಗಿಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಅಂಚೆ ಕಾರ್ಡು. ನಮ್ಮ ಕ್ಲಾಸಿನ ಯಮುನ ಹತ್ತಿರ ಬಂದು, "ಇದು ಯಾವ ವರ್ಷದ್ದು ಮಾರಾಯ್ತಿ" ಅಂತ ಕೇಳುತ್ತಾಳೆ. ನಾನು ತಲೆ ಎಣಿಸುತ್ತೇನೆ. ಹದಿಮೂರು. ಮತ್ತೆ ಎಣಿಸಿದರೂ ಹದಿಮೂರೇ. ನೀವು ವಾಚು ನೋಡಿಕೊಂಡು, ಒಂದು ಕಡಿಮೆ, ಅರ್ಧ ಗಂಟೆ ಮುಂದೂಡಿದೆ ಅನ್ನುತ್ತೀರಿ. ಎಲ್ಲರೂ ವಾಪಸು ನೀರಿಗೆ ಇಳಿದು ಹೋಗುತ್ತಾರೆ, ಜಗಳವಿಲ್ಲದೆ, ಸಂತೆ ಮುಗಿದ ಹಾಗೆ. ನಾನು ಕಿತ್ತಳೆ ಬಿಡಿಸಲು ಶುರು ಮಾಡುತ್ತೇನೆ.

ಎಚ್ಚರವಾದಾಗ ಬೆರಳು ಮೂಸಿ ನೋಡಿಕೊಂಡೆ.

ಉದ್ದೇಶದ ಪುಟಕ್ಕೆ ಏನು ಬರೆಯುತ್ತೀರಿ? ಸ್ಕಾಲರ್‌ಶಿಪ್ ಕೊಟ್ಟಿಲ್ಲ, ಗಿಡ ನೆಟ್ಟಿಲ್ಲ, ಒಬ್ಬರಿಗೂ ಶಾಲು ಹೊದಿಸಿಲ್ಲ. ಆ ಅರ್ಧ ಗಂಟೆಯನ್ನು ಕರಡಿನಿಂದ ತೆಗೆದುಬಿಡಿ. ಅದು ಬೇರೆಯವರು ಓದುವಂಥದ್ದಲ್ಲ.

ಜೀಪಿನ ವಿಷಯ ಮತ್ತೆ ಕೇಳಬೇಡಿ.

ಸರೋಜ


ಕುಶಾಲನಗರ
14 ಅಕ್ಟೋಬರ್ 2024

ಮಾನ್ಯ ಸರೋಜ ಅವರಿಗೆ,

ಕನಸಿನಲ್ಲಿ ಹಾಜರಾದವರನ್ನು ಪುಸ್ತಕದಲ್ಲಿ ನಮೂದಿಸಲು ಅವಕಾಶವಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಎಂದಿನಂತೆ ನೂರ ಮೂವತ್ತೆಂಟು ಅಂಚೆ ಕಾರ್ಡುಗಳ ಕಟ್ಟು ಪಾರ್ಸೆಲ್ ಮಾಡಿದ್ದೇನೆ. ನಾವಿಬ್ಬರು ಬಿಟ್ಟು ಉಳಿದ ಎಲ್ಲ ಸದಸ್ಯರಿಗೆ. ಎಂದಿನಂತೆ ವಿಳಾಸ ನೀವು ಬರೆದು ಅಂಚೆಗೆ ಹಾಕಬೇಕು. ನನ್ನ ಅಕ್ಷರ ನೋಡಿದರೆ ಪೋಸ್ಟ್‌ಮ್ಯಾನ್ ಔಷಧಿ ಅಂಗಡಿಗೆ ಒಯ್ಯುತ್ತಾನೆ ಎಂದು 1999ರಲ್ಲೇ ನೀವು ತೀರ್ಪು ಕೊಟ್ಟಿದ್ದೀರಿ.

ಅನುಪಮಾ ಅಂಗಡಿಗೆ ಬಂದಿದ್ದರು. ನಡಾವಳಿ ಪುಸ್ತಕ ಪೂರ್ತಿ ಓದಿದರು. ಇಪ್ಪತ್ತೈದು ವರ್ಷದ ಪುಸ್ತಕ ಓದಲು ಏಳು ನಿಮಿಷ ಸಾಕಾಯಿತು. "ಸರ್, ಪ್ರತಿ ವರ್ಷ ಇಬ್ಬರೇ ಬಂದರೂ ಸಂಘ ಯಾಕೆ ನಡೆಸಿದ್ರಿ?" ಅಂತ ಕೇಳಿದರು. ಜೆರಾಕ್ಸ್ ಮಿಷಿನ್ನಿಗೆ ಪೇಪರು ಸಿಕ್ಕಿಕೊಂಡಿದೆ ಎಂದು ಹೇಳಿ ಒಳಗೆ ಹೋದೆ. ಸಿಕ್ಕಿಕೊಂಡಿರಲಿಲ್ಲ.

ಇದೊಂದು ಸಲ ಒಂದು ಕಾರ್ಡೂ ತಪ್ಪದ ಹಾಗೆ ನೋಡಿಕೊಳ್ಳಿ. ಸಂಘ ಹೋದರೆ ಡಿಸೆಂಬರಿನ ಎರಡನೇ ಭಾನುವಾರ ನಾನು ಏನು ಮಾಡಬೇಕು ಎಂದು ಯಾವ ನಿಯಮದಲ್ಲೂ ಇಲ್ಲ.

ಶಾಂತಪ್ಪ


ಕಕ್ಕಬೆ
3 ನವೆಂಬರ್ 2024

ಶಾಂತಪ್ಪ ಅವರೇ,

ಈ ಪತ್ರವನ್ನು ಕೂತು ಓದಿ. ಅಂಗಡಿಯಲ್ಲಿ ಗಿರಾಕಿ ಇದ್ದರೆ ಕಳಿಸಿ ಆಮೇಲೆ ಓದಿ.

1999ರಲ್ಲಿ ನೀವು ಕಳಿಸಿದ ಮೊದಲ ಕಟ್ಟು ಪಿಕ್ಕಿಂಗ್ ಗಡಿಬಿಡಿಯಲ್ಲಿ ಜೀಪಿನ ಸೀಟಿನ ಅಡಿ ಉಳಿದುಹೋಗಿತ್ತು. ನೆನಪಾದದ್ದು ಸಭೆಯ ಹಿಂದಿನ ದಿನ. ಬೈಸಿಕೊಳ್ಳುವುದಕ್ಕೇ ಅಂತ ಹೆದರಿಕೊಂಡು ಬಂದೆ. ನೀವು ಮೆಟ್ಟಿಲ ಮೇಲೆ ಒಬ್ಬರೇ, ಇಸ್ತ್ರಿ ಅಂಗಿ, ಮಡಿಲಲ್ಲಿ ರಿಜಿಸ್ಟರು. ನನ್ನನ್ನು ಕಂಡು ಎದ್ದು ನಿಂತಿರಿ. "ಕೋರಂ ಇಲ್ಲ, ಅರ್ಧ ಗಂಟೆ ಕಾಯಬೇಕಾಗ್ತದೆ" ಅಂದಿರಿ. ಹೇಳಿಬಿಡೋಣ ಅಂತ ಬಾಯಿ ತೆರೆದೆ. ಕೈಚೀಲದಲ್ಲಿ ಕಿತ್ತಳೆ ಇತ್ತು. ಬಿಡಿಸಿ ಕೊಟ್ಟೆ. ಅಷ್ಟರಲ್ಲಿ ಅರ್ಧ ಗಂಟೆ ಆಯಿತು.

ಮುಂದಿನ ವರ್ಷ ಕಟ್ಟು ಬಂತು. ಅದು ಮರೆತದ್ದಲ್ಲ. ಅಟ್ಟದ ಮೇಲೆ ಇಟ್ಟೆ.

ಅದರ ಮುಂದಿನದನ್ನೂ.

ಇಪ್ಪತ್ತೈದು ವರ್ಷದ ಇಪ್ಪತ್ತೈದು ಕಟ್ಟು, ಸೆಣಬಿನ ದಾರವನ್ನೂ ಬಿಚ್ಚಿಲ್ಲ. ಏಲಕ್ಕಿ ಕೋಣೆಯ ಅಟ್ಟದಲ್ಲಿವೆ. ಒಬ್ಬ ಸದಸ್ಯನಿಗೂ ಒಂದು ನೋಟೀಸೂ ಹೋಗಿಲ್ಲ. ಕೀರ್ತಿಕುಮಾರ್ ರಸ್ತೆ ದಾಟುವುದು ನಾಚಿಕೆಗಲ್ಲ, ತನ್ನನ್ನು ಬಿಟ್ಟು ಸಂಘ ನಡೆಸುತ್ತಿದ್ದೀರಿ ಅಂತ. ಶಿವಮ್ಮನವರಿಗೆ ಸಂಘದ ಕೆಲಸ ನಮ್ಮಿಬ್ಬರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಯಾಕೆ ಅಂತ ಕೇಳಬೇಡಿ. ಹದಿನಾಲ್ಕು ಜನ ಬಂದಿದ್ದರೆ ಸಭೆ ಹೊತ್ತಿಗೆ ಸರಿಯಾಗಿ ಶುರುವಾಗುತ್ತಿತ್ತು, ಅಷ್ಟೇ.

ಹೋದ ವರ್ಷ ಜೀಪು ಕೆಟ್ಟಿರಲಿಲ್ಲ. ಎಲ್ಲ ಕಟ್ಟುಗಳನ್ನೂ ಕಾಫಿ ಚೀಲದಲ್ಲಿ ತುಂಬಿಕೊಂಡು, ನಿಮ್ಮ ಮುಂದೆ ಸುರಿದು ತಪ್ಪೊಪ್ಪಿಕೊಳ್ಳುತ್ತೇನೆ ಅಂತ, ಅಣ್ಣನಿಗೆ ತಿಳಿಯದ ಹಾಗೆ ಜೀಪು ಬಿಟ್ಟು ಬಸ್ಸಿನಲ್ಲಿ ಹೊರಟೆ. ಮಡಿಕೇರಿ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಆ ಚೀಲ ಪಕ್ಕಕ್ಕಿಟ್ಟುಕೊಂಡು ಎರಡು ಗಂಟೆ ಕೂತೆ. ಕುಶಾಲನಗರದ ಬಸ್ಸು ನಾಲ್ಕು ಹೋದವು. ಒಬ್ಬ ಕಂಡಕ್ಟರ್ ಬಂದು, "ಅಕ್ಕಾ, ಲಗೇಜಿಗೆ ಟಿಕೆಟು ತಗೊಳ್ಬೇಕಾಗ್ತದೆ ಅಂತ ಯೋಚನೆಯಾ" ಅಂದ. ಎದ್ದು ಮನೆಗೆ ಹೋದೆ.

ನೀವು ಅಷ್ಟು ಶ್ರದ್ಧೆಯಿಂದ ಕಟ್ಟಿದ ಸಂಘವನ್ನು ಕಾಲು ಶತಮಾನ ಕತ್ತು ಹಿಸುಕಿ ಹಿಡಿದವಳು ನಾನು. ಈ ವರ್ಷದ ಕಾರ್ಡುಗಳಿಗೆ ನಾಲ್ಕು ದಿನ ಕೂತು ವಿಳಾಸ ಬರೆದೆ. ಹಳೆಯ ಬಾಡಿಗೆ ಮನೆ ಬಿಟ್ಟವರ ಹೊಸ ವಿಳಾಸವನ್ನು ಬಂಡೆ ಹತ್ತಿ ಫೋನ್ ಮಾಡಿ ಕೇಳಿಕೊಂಡೆ. ನೂರ ಮೂವತ್ತೆಂಟನ್ನೂ ನಿನ್ನೆ ನನ್ನ ಕೈಯಾರೆ ಡಬ್ಬಿಗೆ ಹಾಕಿದ್ದೇನೆ. ಡಬ್ಬಿ ತುಂಬಿ ಬಾಯಿಯಿಂದ ಹೊರಗೆ ಇಣುಕುತ್ತಿತ್ತು. ನಿಮ್ಮ ಸಂಘ ಉಳಿಯುತ್ತದೆ.

ಜಂಟಿ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಇದರೊಂದಿಗಿದೆ. ಸಭೆಗೆ ನಾನು ಬರುವುದಿಲ್ಲ. ನಿಮ್ಮ ಮುಖ ನೋಡುವ ಧೈರ್ಯವಿಲ್ಲ.

ಸರೋಜ


ಕುಶಾಲನಗರ
12 ನವೆಂಬರ್ 2024

ಸರೋಜ ಅವರೇ,

ರಾಜೀನಾಮೆಯನ್ನು ಅಂಗೀಕರಿಸಲು ಕೋರಂ ಬೇಕು. ಅಲ್ಲಿಯವರೆಗೆ ನೀವು ಜಂಟಿ ಕಾರ್ಯದರ್ಶಿಯೇ.

ನಿಮ್ಮ ಪತ್ರವನ್ನು ಕೂತು ಓದಿದೆ. ಆಮೇಲೆ ಎದ್ದು ಓದಿದೆ. ಶಟರ್ ಎಳೆದು ಒಳಗೆ ದೀಪ ಹಾಕಿಕೊಂಡು ಓದಿದೆ. ಹೊರಗೆ ಯಾರೋ ಆಧಾರ್ ಜೆರಾಕ್ಸಿಗೆ ಬಡಿಯುತ್ತಿದ್ದರು, ಮಾರಾಯರು ಹೋಗಲೇ ಇಲ್ಲ.

ಈಗ ನನ್ನ ಸರದಿ.

ಪಿಕ್ಕಿಂಗ್ ಯಾವಾಗ ಎಂದು ನನಗೆ ಗೊತ್ತಿತ್ತು. ಶನಿವಾರಸಂತೆಯ ಹತ್ತಿರ ನಮ್ಮ ಚಿಕ್ಕಪ್ಪನಿಗೆ ಎಂಟು ಎಕರೆ ಕಾಫಿ. ಕಾಲೇಜಿಗೆ ರಜೆ ಸಿಕ್ಕಿದಾಗಲೆಲ್ಲ ಕಣದಲ್ಲಿ ಹಣ್ಣು ಹರಡಿದವನು ನಾನು. ಹುತ್ತರಿ ಯಾವಾಗ ಎಂದೂ ಗೊತ್ತಿತ್ತು. 1999ರ ಮೇ ತಿಂಗಳಲ್ಲಿ ಕ್ಯಾಲೆಂಡರು ಮುಂದಿಟ್ಟುಕೊಂಡು, ಕೊಡಗಿನಲ್ಲಿ ಯಾವ ಮನುಷ್ಯನೂ ಮನೆ ಬಿಟ್ಟು ಕದಲದ ದಿನ ಯಾವುದು ಎಂದು ಒಂದು ಸಂಜೆ ಪೂರ್ತಿ ಹುಡುಕಿ, ಡಿಸೆಂಬರಿನ ಎರಡನೇ ಭಾನುವಾರ ಎಂದು ನಿಯಮ ಹನ್ನೊಂದರಲ್ಲಿ ಬರೆದೆ. ಬದಲಾಯಿಸಲಾಗದಂತೆ ಬೀಗವನ್ನೂ ಹಾಕಿದೆ. ಆಮೇಲೆ ನಿಯಮ ಹನ್ನೆರಡು ಬರೆದೆ, ಅರ್ಧ ಗಂಟೆಯದ್ದು, ಜಂಟಿ ಕಾರ್ಯದರ್ಶಿಯಾದ ನೀವೊಬ್ಬರು ಬಂದೇ ಬರುತ್ತೀರಿ ಎಂಬ ನಂಬಿಕೆಯ ಮೇಲೆ.

ಕಾಫಿ ಗೊತ್ತಿಲ್ಲದ ಪೆದ್ದ ಎಂದು ಇಪ್ಪತ್ತೈದು ವರ್ಷ ನೀವು ಅಂದಿರಿ. ಅಂದಷ್ಟೂ ನನಗೆ ಸಮಾಧಾನ. ಪೆದ್ದನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಆಟೋಗ್ರಾಫ್ ಪುಸ್ತಕ ಖಾಲಿ ಕೊಟ್ಟೆ ಎಂದು ಬರೆದಿದ್ದೀರಿ. ಬರೆಯಲು ಒಂದೇ ಸಾಲಿತ್ತು. ಆ ಒಂದು ಸಾಲು ಬರೆಯಲಾಗದವನು ಮೂವತ್ತೊಂದು ನಿಯಮ ಬರೆದ. ಸಂಘದ ಚರಿತ್ರೆ ಇಷ್ಟೇ. ಇದನ್ನು ಎರಡು ಪುಟಕ್ಕೆ ಎಳೆಯುವುದು ಹೇಗೆಂದು ಜೂನ್ ತಿಂಗಳಿಂದ ಒದ್ದಾಡುತ್ತಿದ್ದೇನೆ.

ಪ್ರತಿ ವರ್ಷ ಆ ಸಾಲನ್ನು ಹೇಳಲೆಂದೇ ಬರುತ್ತಿದ್ದೆ. ಮೊದಲ ಹತ್ತು ನಿಮಿಷ ಧೈರ್ಯ ಮಾಡುವುದಕ್ಕೆ ಹೋಗುತ್ತಿತ್ತು. ನಡುವಿನ ಹತ್ತು ನಿಮಿಷ ಕಿತ್ತಳೆಗೆ. ಕೊನೆಯ ಹತ್ತು ನಿಮಿಷ ವಾಚು ನೋಡುವುದಕ್ಕೆ. ಮುಂದಿನ ವರ್ಷ ಇದ್ದೇ ಇದೆಯಲ್ಲ, ನಿಯಮ ಇದೆಯಲ್ಲ ಎಂದು ಎದ್ದು ನಡಾವಳಿ ಓದುತ್ತಿದ್ದೆ.

ನಿನ್ನೆ ಲೆಕ್ಕ ಹಾಕಿದೆ. ಇಪ್ಪತ್ತನಾಲ್ಕು ಅರ್ಧ ಗಂಟೆ ಅಂದರೆ ಹನ್ನೆರಡು ಗಂಟೆ. ಕಾಲು ಶತಮಾನದಲ್ಲಿ ನಮ್ಮಿಬ್ಬರದು ಒಂದೇ ಒಂದು ಹಗಲು. ಬೆಳಗ್ಗೆ ಆರಕ್ಕೆ ಶುರುವಾಗಿದ್ದರೆ ಈಗ ಸಂಜೆ ಆರು, ಹಿನ್ನೀರಿನ ಮೇಲೆ ಬಿಸಿಲು ಹಳದಿಯಾಗುವ ಹೊತ್ತು.

ದಯವಿಟ್ಟು ಬನ್ನಿ. ಮುಖ ನೋಡುವ ಧೈರ್ಯ ನನಗೂ ಇಲ್ಲ. ಇಬ್ಬರೂ ನೀರನ್ನೇ ನೋಡೋಣ, ಅಭ್ಯಾಸವಿದೆ.

ಶಾಂತಪ್ಪ

ಮರೆತೆ: ಇವತ್ತು ಕೀರ್ತಿಕುಮಾರ್ ರಸ್ತೆ ದಾಟಿ ನನ್ನ ಕಡೆಗೆ ಬಂದ. ಕೈಯಲ್ಲಿ ಕಾರ್ಡು. "ಅಂತೂ ಇಂತೂ ನಮ್ಮನ್ನೂ ಮನುಷ್ಯರು ಅಂತ ಲೆಕ್ಕಕ್ಕೆ ತಗೊಂಡ್ರಲ್ಲೋ ದೊಡ್ಡಮನುಷ್ಯರು" ಅಂದ. ಕಣ್ಣು ಒದ್ದೆಯಾಗಿತ್ತು. ಇಪ್ಪತ್ತೈದು ವರ್ಷ ನಾವು ಈ ಮನುಷ್ಯನಿಗೆ ಮಾಡಿದ್ದು ಸಣ್ಣ ಅನ್ಯಾಯವಲ್ಲ.


ಕುಶಾಲನಗರ
10 ಡಿಸೆಂಬರ್ 2024

ಸರೋಜ,

ನನ್ನ ನವೆಂಬರಿನ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ಸಭೆಗೆ ಬಂದಿರಿ. ಅದನ್ನೇ ಉತ್ತರ ಎಂದುಕೊಳ್ಳಬಹುದೋ ಏನೋ ತಿಳಿಯದು, ಏಕೆಂದರೆ ನಿಮ್ಮ ಜೊತೆ ಒಂದು ಮಾತಾಡಲೂ ಆಗಲಿಲ್ಲ.

ಅಧಿಕೃತ ನಡಾವಳಿ ಹೀಗಿದೆ: ಹಾಜರಿ ನಲವತ್ತೊಂದು. ಕೋರಂ ಇದ್ದುದರಿಂದ ಸಭೆಯನ್ನು ಹನ್ನೊಂದು ಗಂಟೆಗೆ ಸರಿಯಾಗಿ ಆರಂಭಿಸಲಾಯಿತು.

ಅನಧಿಕೃತ ನಡಾವಳಿ: ಇಷ್ಟು ಕೆಟ್ಟ ಸಭೆಯನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಜನ ಬಂದರು. ಪಿಕ್ಕಿಂಗ್ ಬಿಟ್ಟು ಬಂದರು. ಕುಟ್ಟದಿಂದ ನಮ್ಮ ಹಳೆ ಗೆಳೆಯನೊಬ್ಬ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಬಂದಿದ್ದ. "ಲೆಕ್ಕ ಬರೆಯುವ ರೈಟರ್‌ಗೆ ತೋಟ ಒಪ್ಪಿಸಿದ್ದೇನೆ, ಒಂದು ದಿನ ಕಾಫಿ ಗಿಡದಲ್ಲೇ ಹಣ್ಣಾಗಲಿ ಬಿಡು" ಅಂದ. ಅಂದರೆ ನನ್ನ ನಿಯಮ ಹನ್ನೊಂದು ಪೂರ್ತಿ ದಂಡ. ನಾನು ಅಷ್ಟು ಜಾಣತನದಿಂದ ಆರಿಸಿದ ದಿನಾಂಕ ಒಬ್ಬನನ್ನೂ ತಡೆಯುತ್ತಿರಲಿಲ್ಲ. ಎಲ್ಲ ನಿಮ್ಮ ಅಟ್ಟದ ಕೆಲಸ. ಜಂಟಿ ಕಾರ್ಯದರ್ಶಿ ಹುದ್ದೆ ಸುಮ್ಮನೆ ಅಲಂಕಾರಕ್ಕೆ ಎಂದು ತಿಳಿದಿದ್ದವನು ನಾನು.

ನೀವು ಮೂರನೇ ಸಾಲಿನಲ್ಲಿ, ಯಮುನ ಮತ್ತು ಕುಟ್ಟದ ಗೆಳೆಯನ ನಡುವೆ. ಮಡಿಲಲ್ಲಿ ಕೈಚೀಲ. ಮಾತು, ಫೋಟೋ, ಊಟ, ಮತ್ತೆ ಫೋಟೋ. ನಾನು ಜನರ ತಲೆಯ ಮೇಲಿಂದ ನೋಡಿದಾಗಲೆಲ್ಲ ಯಾರೋ ಒಬ್ಬರು ನಿಮ್ಮನ್ನು ಅಪ್ಪಿಕೊಂಡಿರುತ್ತಿದ್ದರು. ಮೂರು ಗಂಟೆಗೆ ಪೂವಯ್ಯನವರ ಜೀಪಿನ ಹಾರ್ನು ಕೇಳಿಸಿತು. ಮೈಕು ಕೆಳಗಿಟ್ಟು ಓಡಿ ಬರುವಷ್ಟರಲ್ಲಿ ಧೂಳು ಮಾತ್ರ ಇತ್ತು. ಮೆಟ್ಟಿಲ ಮೇಲೆ, ನಾನು ಯಾವಾಗಲೂ ಕೂರುವ ಕಡೆ, ಒಂದು ಕಿತ್ತಳೆ. ಬಿಡಿಸಿರಲಿಲ್ಲ. ನನಗೆ ಬಿಡಿಸಲು ಬರುವುದಿಲ್ಲ ಎಂದು ನಿಮಗೆ ಗೊತ್ತು.

ಅನುಪಮಾ ಅವರಿಗೆ ಎರಡು ಪುಟ ಕೊಟ್ಟೆ. ಚರಿತ್ರೆಯಲ್ಲಿ ನಿಮ್ಮ ಅಟ್ಟವೂ ಇಲ್ಲ, ನನ್ನ ಕ್ಯಾಲೆಂಡರೂ ಇಲ್ಲ. ಚರಿತ್ರೆಯ ಎಂ.ಎ. ಮಾಡಿದ ಇಬ್ಬರು ಸೇರಿ ದಾಖಲೆ ಬಚ್ಚಿಟ್ಟದ್ದು ಮೇಷ್ಟ್ರಿಗೆ ಗೊತ್ತಾದರೆ ಪದವಿ ವಾಪಸು ಕೇಳುತ್ತಾರೆ. ಉದ್ದೇಶ ಎಂಬಲ್ಲಿ ಒಂದೇ ವಾಕ್ಯ ಬರೆದೆ: "ವರ್ಷಕ್ಕೊಮ್ಮೆ ಒಂದೆಡೆ ಕೂತು, ಇನ್ನೂ ಬಾರದವರಿಗಾಗಿ ಅರ್ಧ ಗಂಟೆ ಕಾಯುವುದು." ಆಕೆ ಓದಿ, "ಸಂಘ ಇರಲಿ ಸರ್" ಅಂದರು.

ಸಂಘ ಉಳಿಯಿತು. ಅರ್ಧ ಗಂಟೆ ಹೋಯಿತು. ಇನ್ನು ಮುಂದೆ ಪ್ರತಿ ವರ್ಷ ಕೋರಂ ಇರುತ್ತದೆ. ಕೀರ್ತಿಕುಮಾರ್ ಮುಂದಿನ ವರ್ಷಕ್ಕೆ ಆಗಲೇ ಶಾಮಿಯಾನದ ಮಾತಾಡುತ್ತಿದ್ದಾನೆ.

ಆದುದರಿಂದ, ಕಾರ್ಯದರ್ಶಿಗೆ ಇರುವ ಅಧಿಕಾರವನ್ನು ಬಳಸಿ, 12 ಜನವರಿ 2025ರ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಸಂಘದ ವಿಶೇಷ ಸಭೆ ಕರೆದಿದ್ದೇನೆ. ಸ್ಥಳ: ಕಕ್ಕಬೆ, ಕಾಫಿ ಕಣದ ಮೇಲಿನ ಬಂಡೆ. ವಿಷಯ: 1999ರಿಂದ ಬಾಕಿ ಇರುವ ಒಂದು ಸಾಲು. ಕೋರಂ: ಹದಿನಾಲ್ಕು.

ನಿಯಮದಂತೆ ಎಲ್ಲ ಸದಸ್ಯರಿಗೂ ನೋಟೀಸು ಹೋಗತಕ್ಕದ್ದು. ನೂರ ಮೂವತ್ತೆಂಟು ಕಾರ್ಡುಗಳ ಕಟ್ಟನ್ನು ಇದರೊಂದಿಗೆ ಕಳಿಸಿದ್ದೇನೆ. ಮುಂದಿನದು ಜಂಟಿ ಕಾರ್ಯದರ್ಶಿಯವರ ವಿವೇಚನೆಗೆ ಬಿಟ್ಟದ್ದು.

ಶಾಂತಪ್ಪ


ಕಕ್ಕಬೆ
21 ಡಿಸೆಂಬರ್ 2024

ಶಾಂತಪ್ಪ,

ನೋಟೀಸು ತಲುಪಿತು.

ಅಣ್ಣ ಕೇಳಿದ, "ಸಂಘ ಇಲ್ಲಿಗೇ ಬಂದದೆಯಾ?" ಹೌದು ಅಂದೆ. "ಊಟಕ್ಕೆ ಎಷ್ಟು ಜನ" ಅಂದ. ಒಬ್ಬರು ಅಂದೆ. ಅವನು ಬಂಡೆಗೆ ಹೋಗುವ ದಾರಿಯ ಕಳೆ ಸವರಿಸಲು ಆಳು ಕಳಿಸಿದ.

ಈ ವರ್ಷ ಕಿತ್ತಳೆ ಮರ ಒಂದರಲ್ಲೇ ಹಣ್ಣು ನಿಂತಿರುವುದು. ಎರಡನ್ನು ಕೀಳದೆ ಬಿಟ್ಟಿದ್ದೇನೆ, ಮಂಗಗಳು ಒಪ್ಪಿದರೆ ಜನವರಿವರೆಗೆ ಇರುತ್ತವೆ. ಬೆಳಗ್ಗೆ ಮಂಜು ಇರುತ್ತದೆ, ನೀವು ಕಾಣದಿದ್ದರೂ ಕೂಗಿ. ವಾಚು ಕಟ್ಟಿಕೊಂಡು ಬರಬೇಡಿ.

ಕಾರ್ಡುಗಳ ಕಟ್ಟೂ ಬಂತು. ಅಟ್ಟದಲ್ಲಿ ಉಳಿದ ಇಪ್ಪತ್ತೈದರ ಪಕ್ಕಕ್ಕೆ ಇಟ್ಟಿದ್ದೇನೆ.

ಸರೋಜ
ಜಂಟಿ ಕಾರ್ಯದರ್ಶಿ